ಓದುಗರ ಪ್ರಶ್ನೆ: ಹಂಜಿ, ಕದಿರು ಮತ್ತು ಹರಿಯುವ ನೂಲು

ಕೈಯಲ್ಲಿ ನೂಲುವುದನ್ನು ಕಲಿಯಲು ಹೊರಟವರಿಂದ ಈ ಸಲ ಒಂದು ಕಟ್ಟು ಪತ್ರ ಬಂದಿವೆ. ಬಹಳಷ್ಟು ಜನರ ದೂರು ಒಂದೇ: ನೂಲು ಹರಿಯುತ್ತದೆ. ಬೈಗುಳವೆಲ್ಲ ರಾಟೆಗೆ, ತಕಲಿಗೆ (ಕೈಯಲ್ಲಿ ತಿರುಗಿಸಿ ನೂಲುವ, ಬಿಲ್ಲೆ ಇರುವ ಕಡ್ಡಿಗೆ). ಹಂಜಿಯನ್ನು, ಅಂದರೆ ನೂಲಲು ಸುತ್ತಿಟ್ಟ ಹತ್ತಿಯ ಸುರುಳಿಯನ್ನು, ಬೈದವರು ಒಬ್ಬರೂ ಇಲ್ಲ; ಬೈಯಬೇಕಾದದ್ದು ಅದನ್ನೇ.

ಪ್ರಶ್ನೆ: ಹೊಸ ಪೆಟ್ಟಿಗೆ ಚರಕ ತರಿಸಿದೆ. ಮೆಡಿಕಲ್ ಶಾಪಿನಿಂದ ಹತ್ತಿಯ ರೋಲ್ ತಂದು ನೂಲಲು ಕೂತರೆ ನಾಲ್ಕು ಬೆರಳು ಎಳೆಯುವಷ್ಟರಲ್ಲಿ ಕಿತ್ತು ಬರುತ್ತದೆ. ಚರಕ ಸರಿ ಇಲ್ಲವೇ? (ಸಾಗರದ ಓದುಗರು)

ಉತ್ತರ: ಚರಕ ಸರಿಯಾಗಿಯೇ ಇರಬೇಕು. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣ ಇರುತ್ತದೆ. ನೀವು ಎಳೆದಾಗ ಒಂದು ಎಳೆ ಇನ್ನೊಂದರ ಪಕ್ಕದಲ್ಲಿ ಜಾರಿ ಬರುವುದು ಅದರಿಂದ. ಗಾಯಕ್ಕೆ ಇಡುವ ಹತ್ತಿ ನೀರು ಹೀರಬೇಕು, ಹಾಗಾಗಿ ಅದನ್ನು ಕುದಿಸಿ, ಬಿಳುಪು ಮಾಡಿ, ಮೇಣ ತೆಗೆದಿರುತ್ತಾರೆ. ಆ ಎಳೆಗಳು ಜಾರುವುದಿಲ್ಲ, ಒಂದನ್ನೊಂದು ಹಿಡಿದುಕೊಂಡು ಗುಪ್ಪೆಗುಪ್ಪೆಯಾಗಿ ಬರುತ್ತವೆ. ಜೊತೆಗೆ ಅದರಲ್ಲಿ ತುಂಡು ಎಳೆಗಳೇ ಹೆಚ್ಚು. ಹಾಸಿಗೆ ತುಂಬುವ ಹತ್ತಿಯೂ ಬೇಡ. ಹಳೆಯದನ್ನು ಮತ್ತೆ ಮತ್ತೆ ಚಚ್ಚಿದ್ದಾದರೆ ಅದರ ಎಳೆ ಪುಡಿಯಾಗಿರುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿಬಿಡಿ. ಚಿಟಿಕೆ ಹತ್ತಿ ತೆಗೆದುಕೊಂಡು ಎರಡೂ ಕೈಯ ಹೆಬ್ಬೆರಳು-ತೋರುಬೆರಳಿನ ನಡುವೆ ಹಿಡಿದು ನಿಧಾನಕ್ಕೆ ಬೇರ್ಪಡಿಸಿ. ಎಳೆಗಳು ಉದ್ದಕ್ಕೆ ಜಾರಿ, ಅಂಚಿನಲ್ಲಿ ಗಡ್ಡದ ಹಾಗೆ ಚೂಪಾಗಿ ನಿಂತರೆ ನೂಲಬಹುದು. ಪಟ್ಟನೆ ತುಂಡಾಗಿ ಮೊಂಡು ಅಂಚು ಉಳಿದರೆ ಅದು ದೀಪದ ಬತ್ತಿಗೆ ಸಾಕು. ಮನೆಯಲ್ಲಿ ಗೆಜ್ಜೆವಸ್ತ್ರ ಮಾಡುವವರು ಇದ್ದರೆ ಅವರ ಕೈಗೆ ಕೊಡಿ, ನೋಡದೆಯೇ ಹೇಳುತ್ತಾರೆ.

ನಿಮಗೆ ಬೇಕಾದದ್ದು ಜಿನ್ನಿನಿಂದ (ಹತ್ತಿಯ ಕಾಳು ಬಿಡಿಸುವ ಗಿರಣಿಯಿಂದ) ಬಂದ, ಬಿಳುಪು ಮಾಡದ ಅರಳೆ, ಇಲ್ಲವೇ ಸಿದ್ಧ ಹಂಜಿ. ಹತ್ತಿರದಲ್ಲಿ ಖಾದಿ ಕೇಂದ್ರವಿದ್ದರೆ ವಿಚಾರಿಸಿ. ಸ್ಲೈವರ್, ಅಂದರೆ ನೂಲಲು ಸಿದ್ಧವಾದ ಹತ್ತಿಯ ಹಗ್ಗ ಮಾಡುವ ಖಾದಿ ಆಯೋಗದ್ದೊಂದು ಘಟಕ ಚಿತ್ರದುರ್ಗದಲ್ಲಿದೆ. ಅಂಥ ಕಡೆಯಿಂದ ಬರುವ ಹೆಬ್ಬೆರಳು ಗಾತ್ರದ ಹತ್ತಿಯ ಹಗ್ಗ ಸಿಕ್ಕರೆ, ಗೇಣುದ್ದ ಕಿತ್ತು, ಉದ್ದಕ್ಕೆ ನಾಲ್ಕಾಗಿ ಸೀಳಿ, ಹಂಜಿಯ ಬದಲು ಅದನ್ನೇ ಹಿಡಿದು ನೂಲಬಹುದು. ಕತ್ತರಿ ಹಾಕಬೇಡಿ, ಕೈಯಲ್ಲೇ ಕೀಳಿ.

ಪ್ರಶ್ನೆ: ನಮ್ಮ ಹೊಲದಾಗ ಜಯಧರ ಹತ್ತಿ ಬೆಳಿತೀವಿ. ಜಿನ್ನಿಗೆ ಹಾಕದ ಮನಿಯೊಳಗ ಹಂಜಿ ಮಾಡ್ಲಿಕ್ಕೆ ಬರ್ತದೇನು? (ಗದಗ ಕಡೆಯ ಓದುಗರು)

ಉತ್ತರ: ಧಾರಾಳವಾಗಿ ಬರುತ್ತದೆ, ಮೊದಲ ಸಲ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯೂ ಇಲ್ಲ. ಒಂದು ಸಂಗತಿ ನೆನಪಿರಲಿ: ಜಯಧರ ಗಿಡ್ಡ ಎಳೆಯ ಹತ್ತಿ, 22 ಮಿ.ಮೀ. ಆಸುಪಾಸು. ಅದೇ ಧಾರವಾಡ ಕಡೆಯ ಡಿ.ಸಿ.ಎಚ್. 32 ತಳಿಯ ಎಳೆ 34 ಮಿ.ಮೀ. ಹತ್ತಿರ ಬರುತ್ತದೆ. ಗಿಡ್ಡ ಎಳೆಗೆ ಹುರಿ (ನೂಲಿನ ತಿರುವು) ಹೆಚ್ಚು ಬೇಕು, ನೂಲು ಸ್ವಲ್ಪ ದಪ್ಪವೇ ಇರಬೇಕು. 10–12 ಕೌಂಟಿನ ನೂಲು (ಕೌಂಟು ಎಂದರೆ ನೂಲು ಎಷ್ಟು ಸಣ್ಣ ಎಂದು ಹೇಳುವ ಅಂಕಿ) ಗುರಿ ಇಟ್ಟುಕೊಳ್ಳಿ, ಸೀರೆಯ ನೂಲಿನ ಆಸೆ ಈಗಲೇ ಬೇಡ.

ಬಿಡಿಸಿದ ಹತ್ತಿಯನ್ನು ಒಂದೆರಡು ಗಂಟೆ ಬಿಸಿಲಿಗೆ ಹಾಕಿ. ಎಲೆಚೂರು, ಸಿಪ್ಪೆ ಈಗಲೇ ಆರಿಸಿ. ಆಮೇಲೆ ಅದು ನೂಲಿನೊಳಗೆ ಕೂತು ಹರಿಯುವ ಜಾಗವಾಗುತ್ತದೆ. ನುಣುಪಾದ ಮರದ ಹಲಗೆ, ಪೆನ್ಸಿಲ್ ದಪ್ಪದ ಕಬ್ಬಿಣದ ಸಲಾಕೆ ಸಾಕು. ಒಂದೊಂದೇ ಕಾಳಿನ ಹತ್ತಿಯನ್ನು ಬೀಸಣಿಗೆಯ ಹಾಗೆ ಹರಡಿ ಹಲಗೆಯ ಮೇಲಿಟ್ಟು, ಸಲಾಕೆಯನ್ನು ಅಂಗೈಯಿಂದ ಒತ್ತಿ ಮುಂದಕ್ಕೆ ಉರುಳಿಸಿದರೆ ಕಾಳು ಮುಂದೆ ಚಿಮ್ಮುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ತೂಕದಲ್ಲಿ ಅರಳೆ ಸುಮಾರು ಮೂರರಲ್ಲಿ ಒಂದು ಪಾಲು. 300 ಗ್ರಾಂ ಹತ್ತಿ ಬಿಡಿಸಿದರೆ ಕೈಗೆ 100 ಗ್ರಾಂ ಬಂತು ಅಂದುಕೊಳ್ಳಿ.

ಮುಂದಿನದು ಹಿಂಜುವುದು. ಕೈಯಲ್ಲೇ ಮೊದಲು ಹಗುರಾಗಿ ಬಿಡಿಸಿ. ಪುಟ್ಟ ಬಿಲ್ಲಿದ್ದರೆ ಅದರ ಹೆದೆಯನ್ನು ಅರಳೆಯ ಅಂಚಿಗೆ ತಾಗಿಸಿ ಮಿಡಿಯಿರಿ. ಹೆದೆ ರಾಶಿಯ ನಡುವೆ ಹೂತುಹೋದರೆ ಅರಳೆ ಸುತ್ತಿಕೊಂಡು ಗಂಟಾಗುತ್ತದೆ; ಅಂಚಿನಿಂದ ಅಂಚಿಗೆ ಬನ್ನಿ. ಬಿಲ್ಲು ಇಲ್ಲದವರು ನಾಯಿಯ ಕೂದಲು ಬಾಚುವ ಸಣ್ಣ ತಂತಿಯ ಬ್ರಷ್ ಎರಡು ತಂದು, ಒಂದರ ಮೇಲೆ ತೆಳ್ಳಗೆ ಅರಳೆ ಹಚ್ಚಿ ಇನ್ನೊಂದರಿಂದ ಬಾಚಬಹುದು. ಆರೇಳು ಸಲ ಸಾಕು. ಹೆಚ್ಚು ಬಾಚಿದರೆ ಎಳೆ ಮುರಿದು ಸಾಸಿವೆ ಕಾಳಿನಂಥ ಗಂಟು ಹುಟ್ಟುತ್ತವೆ. ಬೆಳಕಿಗೆ ಹಿಡಿದಾಗ ಮೋಡದ ಪದರದಂತೆ ಒಂದೇ ಸಮ ಕಂಡರೆ ಅಲ್ಲಿಗೆ ನಿಲ್ಲಿಸಿ.

ಈಗ ಹಂಜಿ. ಒಂದು ಗ್ರಾಂ, ಒಂದೂವರೆ ಗ್ರಾಂನಷ್ಟು ಹಿಂಜಿದ ಅರಳೆಯನ್ನು ಅಂಗೈಯಗಲ ಹರಡಿ, ಊದಿನಕಡ್ಡಿಗಿಂತ ತುಸು ದಪ್ಪದ ಬಿದಿರುಕಡ್ಡಿ ಅಂಚಿಗಿಟ್ಟು ಸುರುಳಿ ಸುತ್ತಿ. ಮೇಲಿಂದ ಅಂಗೈ ಅಥವಾ ಚಿಕ್ಕ ಹಲಗೆಯಿಂದ ಮೂರ್ನಾಲ್ಕು ಸಲ ಒಂದೇ ದಿಕ್ಕಿಗೆ ಹೊರಳಿಸಿ ಕಡ್ಡಿ ಎಳೆದುಬಿಡಿ. ಬೆರಳು ಗಾತ್ರದ, ಗೇಣಿಗಿಂತ ತುಸು ಕಡಿಮೆ ಉದ್ದದ ಹಂಜಿ ಸಿಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಮತ್ತೆ ಉಬ್ಬಿ ಬರಬೇಕು. ಬಿಗಿಯಾಗಿ ಸುತ್ತಿದ್ದು ನೂಲುವಾಗ ಬಿಟ್ಟುಕೊಡುವುದಿಲ್ಲ, ಸಡಿಲವಾದದ್ದು ಒಮ್ಮೆಲೇ ಗುಪ್ಪೆ ಬಿಡುತ್ತದೆ. ಮಾಡಿದ ಹಂಜಿಗಳನ್ನು ಡಬ್ಬಿಯಲ್ಲಿ ಒಂದರ ಮೇಲೊಂದು ಒತ್ತಿ ತುಂಬಬೇಡಿ. ಮಾಡಿದ ವಾರದೊಳಗೆ ನೂಲಿದರೆ ಒಳ್ಳೆಯದು.

ಪ್ರಶ್ನೆ: ತಕಲಿಯಿಂದ ಶುರು ಮಾಡಬೇಕೋ, ನೇರ ರಾಟೆಗೇ ಕೂರಬೇಕೋ? ತಕಲಿ ಹಿಡಿಯುವ ಕ್ರಮವನ್ನು ಬಿಡಿಸಿ ಹೇಳಿ. (ಮೈಸೂರಿನ ಓದುಗರು)

ಉತ್ತರ: ತಕಲಿಯಿಂದ. ಅಗ್ಗ ಎಂಬ ಕಾರಣಕ್ಕಲ್ಲ. ರಾಟೆಯಲ್ಲಿ ಹುರಿ ಎಷ್ಟು ವೇಗವಾಗಿ ಬರುತ್ತದೆಂದರೆ ಎಡಗೈಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ನೂಲು ಬಿಗಿದು ಮುರುಟಿರುತ್ತದೆ. ತಕಲಿಯಲ್ಲಿ ನಿಲ್ಲಿಸಬಹುದು, ನೋಡಬಹುದು.

ಹತ್ತಿಗೆ ಹಗುರ ತಕಲಿ ಬೇಕು, 15–20 ಗ್ರಾಂ. ಉಣ್ಣೆಯವರು ನೇತುಹಾಕಿ ತಿರುಗಿಸುವ ದಪ್ಪ ಕದಿರನ್ನು (ತಿರುಗಿ ನೂಲಿಗೆ ಹುರಿ ಕೊಡುವ ಕಡ್ಡಿಯನ್ನು) ಹತ್ತಿಗೆ ಕಟ್ಟಿದರೆ ಅದರ ಭಾರಕ್ಕೇ ನೂಲು ಕಿತ್ತು ಬೀಳುತ್ತದೆ. ಹತ್ತಿಯ ತಕಲಿಯ ತುದಿ ನೆಲಕ್ಕೋ ಬಟ್ಟಲಿಗೋ ಊರಿರಬೇಕು. ಒಣಗಿದ ತೆಂಗಿನ ಕರಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸ್ಟೀಲ್ ಬಟ್ಟಲಾದರೆ ಕಿರ್ರೆನ್ನುತ್ತದೆ, ತುದಿಯೂ ಜಾರುತ್ತದೆ.

ಮೊಳದುದ್ದ ಹತ್ತಿಯ ದಾರವನ್ನು ಬಿಲ್ಲೆಯ ಮೇಲ್ಗಡೆ ಕಡ್ಡಿಗೆ ಬಿಗಿಯಾಗಿ ಕಟ್ಟಿ, ನಾಲ್ಕು ಸುತ್ತು ಸುತ್ತಿ, ಕಡ್ಡಿಯ ಉದ್ದಕ್ಕೆ ಬಳಸಿ ಮೇಲಿನ ಕೊಕ್ಕೆಗೆ ಸಿಕ್ಕಿಸಿ. ದಾರದ ತುದಿಯನ್ನು ಉಗುರಿನಿಂದ ಕೆದರಿ ಹೂವಾಗಿಸಿ. ಹಂಜಿಯ ತುದಿಯನ್ನೂ ಕೆದರಿ, ಎರಡನ್ನೂ ಎರಡು ಬೆರಳಿನ ಅಗಲ ಒಂದರ ಮೇಲೊಂದು ಇಡಿ. ಎಡಗೈಯಲ್ಲಿ ಹಂಜಿ ಹಿಡಿದದ್ದು ಹಕ್ಕಿಮರಿ ಹಿಡಿದಷ್ಟೇ ಸಡಿಲವಾಗಿರಲಿ. ಬಲಗೈಯ ಹೆಬ್ಬೆರಳು, ಮಧ್ಯದ ಬೆರಳಿನಿಂದ ತಕಲಿಗೆ ಚಿಟಿಕೆ ಹೊಡೆದ ಹಾಗೆ ತಿರುವು ಕೊಡಿ, ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ.

ತಿರುಗಿದ ಕೂಡಲೇ ಎಳೆಯಬೇಡಿ. ಹುರಿ ದಾರದಲ್ಲಿ ಏರಿ ಬಂದು ಕೂಡಿದ ಜಾಗವನ್ನು ಹಿಡಿಯಬೇಕು. ಬೆರಳ ತುದಿಗೆ ಅದು ಸಣ್ಣ ಕಚಗುಳಿಯಂತೆ ಗೊತ್ತಾಗುತ್ತದೆ. ಆಗ ಎಡಗೈಯನ್ನು ಮೇಲಕ್ಕೆ, ನಿಧಾನಕ್ಕೆ, ನಡುವೆ ನಿಲ್ಲಿಸದೆ ಒಯ್ಯಿರಿ. ಹಂಜಿಯ ಬಾಯಿಯಲ್ಲಿ ಒಂದು ಪುಟ್ಟ ತ್ರಿಕೋನ ಕಾಣುತ್ತದೆ: ಬುಡ ಹಂಜಿಯಲ್ಲಿ, ತುದಿ ನೂಲಿನಲ್ಲಿ. ಕಣ್ಣು ಅಲ್ಲೇ ಇರಲಿ, ತಕಲಿಯ ಮೇಲಲ್ಲ. ತ್ರಿಕೋನ ಉದ್ದವಾಗಿ ತೆಳ್ಳಗಾದರೆ ನೀವು ಅವಸರ ಮಾಡುತ್ತಿದ್ದೀರಿ, ಇನ್ನೊಂದು ಕ್ಷಣಕ್ಕೆ ಹರಿಯುತ್ತದೆ. ತ್ರಿಕೋನವೇ ಕಾಣೆಯಾಗಿ ಹುರಿ ಹಂಜಿಯೊಳಗೆ ನುಗ್ಗಿದರೆ ತಡ ಮಾಡಿದಿರಿ. ತಕಲಿ ನಿಲ್ಲಿಸಿ, ಹಂಜಿಯನ್ನು ಹಿಮ್ಮುಖ ತಿರುವಿ ಬಿಡಿಸಿಕೊಳ್ಳಿ.

ಎರಡೂ ಕೈ ಒಟ್ಟಿಗೆ ಕೆಲಸ ಮಾಡಲು ಒಪ್ಪದಿದ್ದರೆ ಬೇರೆಬೇರೆಯಾಗಿ ಮಾಡಿಸಿ. ತಕಲಿ ಚೆನ್ನಾಗಿ ತಿರುಗಿಸಿ ದಾರದಲ್ಲಿ ಹುರಿ ತುಂಬಿಕೊಳ್ಳಿ, ತಕಲಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿಯಿರಿ, ಆಮೇಲೆ ಎಳೆಯಿರಿ. ಎರಡು ಮೂರು ದಿನದಲ್ಲಿ ಮಂಡಿಯ ಸಹಾಯ ತಾನೇ ಬಿಟ್ಟುಹೋಗುತ್ತದೆ.

ಮೊಳ, ಮೊಳವರೆ ನೂಲಾದ ಮೇಲೆ ಎಳೆಯುವುದನ್ನು ನಿಲ್ಲಿಸಿ ಇನ್ನೊಂದೆರಡು ತಿರುವು ಹೆಚ್ಚಿಗೆ ಕೊಡಿ. ಹೊಸಬರು ಬಿಡುವುದು ಇದನ್ನೇ. ಪರೀಕ್ಷೆ ಸುಲಭ: ನೂಲನ್ನು ಸಡಿಲ ಬಿಟ್ಟರೆ ಅದು ತನ್ನನ್ನೇ ತಾನು ಸುತ್ತಿಕೊಳ್ಳಬೇಕು. ಸುಮ್ಮನೆ ಜೋತುಬಿದ್ದು, ಎಳೆದಾಗ ಸದ್ದಿಲ್ಲದೆ ಜಾರಿ ಬೇರೆಯಾದರೆ ಹುರಿ ಸಾಲದು. ಪಟ್ ಎಂದು ಹರಿದರೆ ಹುರಿ ಇದೆ, ಆದರೆ ಅಲ್ಲಿ ಎಳೆಗಳು ಕಡಿಮೆ. ಮುಳ್ಳುತಂತಿಯ ಹಾಗೆ ಅಲ್ಲಲ್ಲಿ ಗಟ್ಟಿ ಸುರುಳಿ ಎದ್ದರೆ ಹುರಿ ಹೆಚ್ಚಾಯಿತು. ಬಳಿಕ ಕೊಕ್ಕೆಯಿಂದ ಬಿಡಿಸಿ, ಬಿಲ್ಲೆಯ ಮೇಲೆ ಒತ್ತಾಗಿ ಸುತ್ತಿ, ಎರಡು ಗೇಣು ಉಳಿಸಿಕೊಂಡು ಮತ್ತೆ ಕೊಕ್ಕೆಗೆ. ಹರಿದಾಗ ಗಂಟು ಹಾಕಲೇಬೇಡಿ. ನೂಲಿನ ತುದಿ ಕೆದರಿ, ಹಂಜಿಯ ಮೇಲಿಟ್ಟು, ಮೊದಲಿನಂತೆ ಹುರಿಗೆ ಬಿಡಿ. ಗಂಟು ಮಗ್ಗದ ಹಣಿಗೆಯಲ್ಲಿ (ಬಾಚಣಿಗೆಯಂಥ ಭಾಗದಲ್ಲಿ) ಸಿಕ್ಕಿ ಪಕ್ಕದ ಎಳೆಗಳನ್ನೂ ಕಿತ್ತುಕೊಂಡು ಹೋಗುತ್ತದೆ.

ಪ್ರಶ್ನೆ: ನೂಲು ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ಸಮ ಮಾಡುವುದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಹುರಿ ಯಾವಾಗಲೂ ತೆಳ್ಳಗಿರುವ ಕಡೆಗೆ ಓಡುತ್ತದೆ, ದಪ್ಪ ಜಾಗ ಸಡಿಲವಾಗಿ ಉಳಿಯುತ್ತದೆ. ಈ ಸ್ವಭಾವವೇ ನಿಮಗೆ ಸಹಾಯ. ಉಬ್ಬಿದ ಜಾಗ ಕಂಡಾಗ ಅದರ ಎರಡೂ ಬದಿಗೆ, ಎಳೆಯ ಉದ್ದಕ್ಕಿಂತ ದೂರದಲ್ಲಿ, ಅಂದರೆ ಎರಡು ಇಂಚು ಅಂತರದಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ತೆಳ್ಳಗಿನ ಭಾಗ ಹುರಿಯ ಬಲದಿಂದ ತಡೆದುಕೊಳ್ಳುತ್ತದೆ, ಹುರಿ ಇಲ್ಲದ ಉಬ್ಬು ಮಾತ್ರ ಸಣ್ಣದಾಗುತ್ತದೆ. ಸಮವಾದ ಮೇಲೆ ಉಳಿದ ಹುರಿ ಕೊಡಿ. ಬೆರಳುಗಳು ತೀರ ಹತ್ತಿರವಿದ್ದರೆ ಒಂದೇ ಎಳೆಯ ಎರಡೂ ತುದಿ ಹಿಡಿದಂತಾಗಿ ಏನೂ ಜರುಗುವುದಿಲ್ಲ.

ಪ್ರಶ್ನೆ: ಪೆಟ್ಟಿಗೆ ಚರಕದಲ್ಲಿ ನೂಲು ಹುರಿಯಾಗುವ ಬದಲು ಕದಿರಿಗೇ ಸುತ್ತಿಕೊಂಡು ಬಿಡುತ್ತದೆ. ಕೆಲವೊಮ್ಮೆ ಚಕ್ರ ತಿರುಗಿದರೂ ಕದಿರು ತಿರುಗುವುದಿಲ್ಲ. (ಹುಬ್ಬಳ್ಳಿಯ ಓದುಗರು)

ಉತ್ತರ: ಎರಡು ಬೇರೆ ಬೇರೆ ತೊಂದರೆ. ಮೊದಲನೆಯದು ನೀವು ನೂಲು ಹಿಡಿದ ಕೋನದ್ದು. ಕದಿರು ಯಾವ ಕಡೆ ಮುಖ ಮಾಡಿದೆಯೋ ಹೆಚ್ಚುಕಡಿಮೆ ಅದೇ ಕಡೆಗೆ, 30–40 ಡಿಗ್ರಿ ಓರೆಯಾಗಿ ನೂಲು ಹೋಗಬೇಕು. ಆಗ ಪ್ರತಿ ಸುತ್ತಿಗೂ ನೂಲು ಕದಿರಿನ ತುದಿಯಿಂದ ಜಾರಿ ಒಂದು ಹುರಿ ಬೀಳುತ್ತದೆ. ಕಿವಿಗೊಟ್ಟರೆ ಸಣ್ಣ ಟಿಕ್‌ಟಿಕ್ ಕೇಳುತ್ತದೆ. ಕೈ ಪಕ್ಕಕ್ಕೆ ಬಂದು ನೂಲು ಕದಿರಿಗೆ ಅಡ್ಡವಾದರೆ ಸುತ್ತಿಕೊಳ್ಳಲು ಶುರು. ಸುತ್ತಬೇಕಾದಾಗ ಮಾತ್ರ ಹಾಗೆ ಅಡ್ಡ ತನ್ನಿ. ಅದಕ್ಕೂ ಮೊದಲು ಚಕ್ರವನ್ನು ತುಸುವೇ ಹಿಂದಕ್ಕೆ ತಿರುಗಿಸಿ ತುದಿಯ ಸುರುಳಿಯನ್ನು ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ತುದಿಯಲ್ಲೇ ಸಿಕ್ಕು.

ಕದಿರು ನಿಲ್ಲುವುದು ದಾರದ ತೊಂದರೆ. ಚಕ್ರದಿಂದ ಕದಿರಿಗೆ ಹೋಗುವ ದಾರ ಹಿಗ್ಗಿದೆ. ಬಿಗಿ ಮಾಡಿ, ಜೇನುಮೇಣ ಅಥವಾ ರಾಳ ಸವರಿ. ಹೊಲಿಗೆ ಯಂತ್ರದ ಎಣ್ಣೆ ಕದಿರು ಕೂರುವ ಜಾಗಕ್ಕೆ ಒಂದೊಂದೇ ಹನಿ. ಅದು ದಾರಕ್ಕೆ ತಗುಲಿದರೆ ಮತ್ತೆ ಜಾರಾಟವೇ. ಇಷ್ಟಾದರೂ ಕದಿರು ಗಡಗಡ ಎಂದರೆ ಬಿಡಿಸಿ ಗಾಜಿನ ಮೇಲೆ ಉರುಳಿಸಿ ನೋಡಿ. ಬಾಗಿದ್ದರೆ ಗಾಜಿನ ಸಂದಿಯಲ್ಲಿ ಬೆಳಕು ಕುಣಿಯುತ್ತದೆ.

ಒಂದು ಲೆಕ್ಕವನ್ನು ಈಗಲೇ ಮಾಡಿಟ್ಟುಕೊಳ್ಳಿ. ಕದಿರಿನ ತುದಿಗೆ ಚೂರು ಕಾಗದ ಅಂಟಿಸಿ, ಹಿಡಿಯನ್ನು ಅತಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಕಾಗದ ಎಷ್ಟು ಸುತ್ತು ಬಂತು ಎಣಿಸಿ. 110 ಬಂತು ಅನ್ನೋಣ. ಒಂದು ಇಂಚಿಗೆ ಬೇಕಾದ ಹುರಿ ಎಂದರೆ ಕೌಂಟಿನ ವರ್ಗಮೂಲದ ಸುಮಾರು ನಾಲ್ಕರಷ್ಟು. 12 ಕೌಂಟಿಗೆ 14, 16 ಕೌಂಟಿಗೆ 16. ಎರಡು ಅಡಿ ಎಳೆದ 12 ಕೌಂಟಿನ ನೂಲಿಗೆ 336 ಹುರಿ, ಅಂದರೆ ಹಿಡಿಯ ಮೂರು ಸುತ್ತು. ಎಳೆಯುವಾಗ ಎರಡು, ಕೈ ನಿಂತ ಮೇಲೆ ಒಂದು. ಹೀಗೆ ಎಣಿಸಿಕೊಂಡು ನೂತರೆ ನೂಲು ದಿನದಿಂದ ದಿನಕ್ಕೆ ಬದಲಾಗುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಹೆಚ್ಚು ಹರಿಯುತ್ತದೆ. ಭ್ರಮೆಯೋ? (ರಾಯಚೂರಿನ ಓದುಗರು)

ಉತ್ತರ: ಭ್ರಮೆ ಅಲ್ಲ. ಹತ್ತಿ ಒದ್ದೆಯಾದಷ್ಟೂ ಗಟ್ಟಿ, ಒಣಗಿದಷ್ಟೂ ಪೆಡಸು. ಬೆಳಗಿನ ತಂಪಿನಲ್ಲಿ, ಫ್ಯಾನ್ ಆರಿಸಿ ಕೂರಿ. ಪಕ್ಕದಲ್ಲಿ ಒದ್ದೆ ಟವೆಲ್ ಹರಡಿ. ಹಂಜಿಗೆ ನೀರು ಚಿಮುಕಿಸಬೇಡಿ. ಕರಾವಳಿ, ಮಲೆನಾಡಿನವರ ಮಳೆಗಾಲದ ತಾಪತ್ರಯ ಇದಕ್ಕೆ ತದ್ವಿರುದ್ಧ, ಹಂಜಿ ಮೆದುವಾಗಿ ಅಂಟುತ್ತದೆ. ಅವರು ನೂಲುವ ಮೊದಲು ಬಿಸಿಲು ಕಾಣಿಸಬೇಕು.

ಪ್ರಶ್ನೆ: ನಾನು ನೂತದ್ದು ಎಷ್ಟು ಕೌಂಟು ಎಂದು ತಿಳಿಯುವುದು ಹೇಗೆ? ಒಂದು ಟವೆಲಿಗೆ ಎಷ್ಟು ನೂಲಬೇಕು? (ಬೆಳಗಾವಿಯ ಓದುಗರು)

ಉತ್ತರ: ಸುತ್ತಳತೆ ಸರಿಯಾಗಿ ಒಂದು ಮೀಟರ್ ಇರುವ ಹಲಗೆಯನ್ನೋ ಕುರ್ಚಿಯ ಬೆನ್ನನ್ನೋ ಹುಡುಕಿ, 100 ಸುತ್ತು ಸುತ್ತಿ, ಚಿನ್ನಬೆಳ್ಳಿ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ. 100ನ್ನು ಗ್ರಾಂನಿಂದ ಭಾಗಿಸಿದರೆ ಮೆಟ್ರಿಕ್ ನಂಬರು, ಅದನ್ನು 0.59ರಿಂದ ಗುಣಿಸಿದರೆ ನೇಕಾರರು ಹೇಳುವ ಇಂಗ್ಲಿಷ್ ಕೌಂಟು. 5 ಗ್ರಾಂ ಬಂದರೆ 20, ಅಂದರೆ 12 ಕೌಂಟು. 3.7 ಗ್ರಾಂ ಬಂದರೆ 16. ನಂಬರು ಏರಿದಷ್ಟೂ ನೂಲು ಸಣ್ಣ.

ಎರಡಡಿ ಅಗಲ, ನಾಲ್ಕಡಿ ಉದ್ದದ ಟವೆಲಿಗೆ, ಸೆಂಟಿಮೀಟರಿಗೆ 12 ಎಳೆಯಂತೆ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡೂ ಇಟ್ಟರೆ, ಮಗ್ಗದ ಕೊನೆಯಲ್ಲಿ ಉಳಿಯುವ ನಷ್ಟ ಸೇರಿ 2,100 ಮೀಟರ್ ಹತ್ತಿರ. 16 ಕೌಂಟಿನಲ್ಲಿ ತೂಕ 80 ಗ್ರಾಂ ದಾಟುವುದಿಲ್ಲ. ನಿಮ್ಮ ಊರಿನದೇ ಒಂದು ಅಳತೆ ಇದರ ಪಕ್ಕದಲ್ಲಿಡಬಹುದು: 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸು ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲು ಎಂದು ಗೊತ್ತುಮಾಡಿತು. ಅದು 1,829 ಮೀಟರ್, ಟವೆಲಿಗೆ ತುಸು ಕಡಿಮೆ. ದಿನಕ್ಕೆ ಅರ್ಧ ಗಂಟೆ ಕೂತರೆ ಗಂಟೆಗೆ 120 ಮೀಟರಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ರಾಟೆಯಲ್ಲಿ ಕೈ ಕೂತವರಿಗೆ ಇದು ದೊಡ್ಡದಲ್ಲ. ತಕಲಿಯಲ್ಲಿ ಹೊಸಬರು ಇದರ ಅರ್ಧ ಮುಟ್ಟಿದರೂ ಶಭಾಷ್.

ಪ್ರಶ್ನೆ: ಜನಿವಾರಕ್ಕೆ ನೂಲುತ್ತಿದ್ದೇನೆ. ಮೂರೆಳೆ ಕೂಡಿಸಿದ ಮೇಲೆ ದಾರ ಸ್ಪ್ರಿಂಗಿನ ಹಾಗೆ ಮುದುಡುತ್ತದೆ. (ಉಡುಪಿಯ ಓದುಗರು)

ಉತ್ತರ: ಕೂಡಿಸುವಾಗಲೂ ನೂತ ದಿಕ್ಕಿಗೇ ತಿರುಗಿಸುತ್ತಿದ್ದೀರಿ. ಒಂಟಿ ಎಳೆಯನ್ನು ಗಡಿಯಾರದ ದಿಕ್ಕಿಗೆ ನೂತಿದ್ದರೆ ಮೂರನ್ನು ಕೂಡಿಸುವುದು ಅದಕ್ಕೆ ಎದುರು ದಿಕ್ಕಿಗೆ. ಆಗ ಒಳಗಿನ ಹುರಿ ತುಸು ಬಿಚ್ಚಿಕೊಳ್ಳುತ್ತದೆ, ಹೊರಗಿನದು ಏರುತ್ತದೆ, ಎರಡೂ ಸರಿತೂಗಿದಲ್ಲಿ ದಾರ ನೆಟ್ಟಗೆ ನಿಲ್ಲುತ್ತದೆ. ಹೀಗೆ ಬಿಚ್ಚಿಕೊಳ್ಳುವುದರಿಂದ ಮೊದಲು ಒಂಟಿ ಎಳೆಗೆ ಹುರಿ ಸ್ವಲ್ಪ ಹೆಚ್ಚೇ ಇರಬೇಕು. ಜನಿವಾರದ ಉದ್ದಕ್ಕೆ ನಾಲ್ಕು ಬೆರಳಿಗೆ 96 ಸುತ್ತಿನ ಲೆಕ್ಕ ಹಾಕುವ ಮೊದಲು ಎಳೆಯನ್ನು ಒಂದು ರಾತ್ರಿ ತಕಲಿಯ ಮೇಲೇ ಬಿಡಿ. ಅದರ ಚೇಷ್ಟೆ ಅರ್ಧ ಇಳಿದಿರುತ್ತದೆ.

ಪ್ರಶ್ನೆ: ನಮ್ಮಲ್ಲಿ ಬಂಡೂರು ಕುರಿಗಳಿವೆ. ಅದರ ಉಣ್ಣೆ ನೂಲಬಹುದೇ? (ಮಳವಳ್ಳಿ ಕಡೆಯ ಓದುಗರು)

ಉತ್ತರ: ಬೇಡ. ಬಂಡೂರು ಮಾಂಸದ ತಳಿ, ಮೈಮೇಲಿರುವುದು ಒರಟು ಕೂದಲು, ಒಂದನ್ನೊಂದು ಹಿಡಿಯುವುದಿಲ್ಲ. ಚಳ್ಳಕೆರೆ ಕಡೆಯ ಕಂಬಳಿ ಆಗುವುದು ದಖ್ಖನಿ ಕುರಿಯ ಉಣ್ಣೆಯಿಂದ. ಅದು ಸಿಕ್ಕರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ತಿಕ್ಕದೆ, ಹಿಂಡದೆ ತೆಗೆಯಿರಿ. ತಿಕ್ಕಿದರೆ ಗಟ್ಟಿ ಮುದ್ದೆಯಾಗುತ್ತದೆ. ಹತ್ತಿಗಿಂತ ಎಳೆ ಉದ್ದ, ಹುರಿ ಕಡಿಮೆ ಸಾಕು, ಕದಿರು 40–50 ಗ್ರಾಂ ಭಾರ ಇರಬಹುದು. ಕಂಬಳಿ ನೇಯುವವರು ನೂಲಿಗೆ ಹುಣಸೆ ಬೀಜದ ಸರಿ ಹಚ್ಚುವುದು ಮಗ್ಗದ ಮೇಲೆ ನೂಲು ಜುಂಗೆದ್ದು ಹರಿಯದಿರಲೆಂದು.

ಪ್ರಶ್ನೆ: ರಾಷ್ಟ್ರಧ್ವಜದ ಬಟ್ಟೆಗೆ ಮನೆಯಲ್ಲಿ ನೂತ ನೂಲು ಕೊಡಬಹುದೇ? (ಧಾರವಾಡದ ಓದುಗರು)

ಉತ್ತರ: ಆಗದು. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ಆಗುವ ಧ್ವಜಕ್ಕೆ ನೂಲಿನಿಂದ ಬಣ್ಣದವರೆಗೆ ಭಾರತೀಯ ಮಾನಕ ಬ್ಯೂರೋದ ಪರೀಕ್ಷೆಗಳಿವೆ. ಮನೆಯ ನೂಲು ಅಷ್ಟು ಏಕರೂಪ ಇರುವುದಿಲ್ಲ. ಧ್ವಜ ಸಂಹಿತೆಯ 2021ರ ಡಿಸೆಂಬರಿನ ತಿದ್ದುಪಡಿಯ ನಂತರ ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರಿನ ಧ್ವಜಕ್ಕೂ ಅನುಮತಿ ಇದೆ. ಅದು ಬೇರೆಯೇ ಚರ್ಚೆ.

ಪ್ರಶ್ನೆ: ಕಷ್ಟಪಟ್ಟು ನೂತ ನೂಲನ್ನು ನೇಕಾರರು ತೆಗೆದುಕೊಳ್ಳಲು ಒಪ್ಪಲಿಲ್ಲ. ಹಾಸಿನ ಎಳೆಗೆ ಬರುವುದಿಲ್ಲವಂತೆ. (ಇಳಕಲ್ಲಿನ ಓದುಗರು)

ಉತ್ತರ: ನೇಕಾರರ ಮಾತು ನ್ಯಾಯವಾದದ್ದು. ಹಾಸಿನ ಎಳೆ ಬಿಗಿಯಾಗಿ ನಿಂತು ಪ್ರತಿ ಏಟಿಗೂ ಹಣಿಗೆಗೆ ಉಜ್ಜುತ್ತದೆ. ಕಲಿಯುವವರ ಒಂಟಿ ನೂಲು ಅದನ್ನು ತಾಳುವುದಿಲ್ಲ. ಹಾಸಿನ ಎಳೆಗೆ ಗಿರಣಿ ನೂಲು ಹಾಕಿ, ನಿಮ್ಮದನ್ನು ಹೊಕ್ಕಿಗೆ ಕೇಳಿ ನೋಡಿ. ನಿಮ್ಮದೇ ಹಾಸು ಬೇಕೆಂದರೆ ಎರಡೆಳೆ ಕೂಡಿಸಿ ಕೊಡಿ.

ಕೊಡುವ ರೀತಿಯೂ ಮುಖ್ಯ. ಉಂಡೆ ಸುತ್ತಿ ಕೊಟ್ಟ ಹಸಿ ನೂಲನ್ನು ಯಾರೂ ಇಷ್ಟಪಡುವುದಿಲ್ಲ. ಲಡಿ (ದೊಡ್ಡ ಬಳೆಯಂತೆ ಸುತ್ತಿದ ನೂಲಿನ ಕಟ್ಟು) ಮಾಡಿ, ನಾಲ್ಕು ಕಡೆ ಎಂಟರ ಆಕಾರದಲ್ಲಿ ಸಡಿಲವಾಗಿ ಬೇರೆ ಬಣ್ಣದ ದಾರ ಕಟ್ಟಿ. ಬಿಗಿ ಕಟ್ಟಿದರೆ ಅಲ್ಲಿ ನೀರು ಇಳಿಯದು, ಮುಂದೆ ಬಣ್ಣವೂ ಹಿಡಿಯದು. 100 ಗ್ರಾಂ ನೂಲಿಗೆ ಮೂರು ಲೀಟರ್ ನೀರು, ಒಂದು ಟೀ ಚಮಚ ವಾಷಿಂಗ್ ಸೋಡಾ, ಚೂರು ಸಾಬೂನು; ಸ್ಟೀಲ್ ಪಾತ್ರೆಯಲ್ಲಿ 45 ನಿಮಿಷ ಸಣ್ಣಗೆ ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಸೋಡಾಕ್ಕೆ ಕಪ್ಪಾಗುತ್ತದೆ. ನೀರು ಚಹಾದ ಬಣ್ಣಕ್ಕೆ ಬಂದರೆ ಗಾಬರಿ ಬೇಡ, ಹತ್ತಿಯ ಮೇಣ ಮತ್ತು ಕೊಳೆ ಬಿಡುತ್ತಿದೆ. ತಣಿದ ಮೇಲೆ ಎರಡು ನೀರಿನಲ್ಲಿ ಜಾಲಿಸಿ, ತೆಳು ಅಕ್ಕಿಗಂಜಿಯಲ್ಲಿ ಅದ್ದಿ, ಕೋಲಿಗೆ ನೇತುಹಾಕಿ, ಕೆಳಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ಒಣಗಿಸಿ. ಅರೆ ಒಣಗಿದಾಗ ಒಮ್ಮೆ ಲಡಿಯನ್ನು ಕೊಡವಿ ಎಳೆಗಳನ್ನು ಬಿಡಿಸದಿದ್ದರೆ ಗಂಜಿ ಎಲ್ಲವನ್ನೂ ಒಂದೇ ಹಪ್ಪಳ ಮಾಡಿಬಿಡುತ್ತದೆ.